ಗಣಿತಜ್ಞ ಯಾಜಕ ಬರ್ನಾರ್ಡ್ ಬೊಲ್ಜಾನೊ

ಪದವಿ ತರಗತಿಗಳಲ್ಲಿ ಗಣಿತಶಾಸ್ತ್ರವನ್ನು ಅಭ್ಯಸಿಸಿದವರಿಗೆ ಬೊಲ್ಜಾನೊ-ವೈಯರ್‌ಸ್ಟ್ರಾಸ್ ಪ್ರಮೇಯದ ಹೆಸರು ಹೊಸದಲ್ಲ. ಪರೀಕ್ಷೆಯ ಮುನ್ನಾದಿನ ಅದನ್ನು ಕಂಠಪಾಠ ಮಾಡಿದವರೂ ನಮ್ಮ ಓದುಗರಲ್ಲಿ ಇರಬಹುದು. ಆದರೆ ಆ ಜೋಡಿ ಹೆಸರಿನಲ್ಲಿ ಮೊದಲು ಬರುವ ವ್ಯಕ್ತಿ ಒಬ್ಬ ಕಥೋಲಿಕ ಯಾಜಕರಾಗಿದ್ದರೆಂಬುದೂ, ತಮ್ಮ ಮನಸ್ಸಾಕ್ಷಿಗಾಗಿ ಅವರು ಪ್ರಾಧ್ಯಾಪಕ ಪೀಠವನ್ನು ಕಳೆದುಕೊಂಡರೆಂಬುದೂ, ಆದರೂ ಧರ್ಮಸಭೆಯ ಮಡಿಲನ್ನು ತೊರೆಯಲಿಲ್ಲವೆಂಬುದೂ ಬಹುಮಂದಿಗೆ ತಿಳಿಯದು.

ನಾವು ಗುರುಮಠದಲ್ಲಿ ತತ್ತ್ವಶಾಸ್ತ್ರದ ವಿದ್ಯಾರ್ಥಿಗಳಾಗಿದ್ದಾಗ ಅರಿಸ್ಟಾಟಲನ ತರ್ಕವನ್ನು ಓದಿದೆವು, ಸಂತ ತೋಮಸ್ ಅಕ್ವಿನಾಸರನ್ನು ಓದಿದೆವು, ಕಾಂಟ್ ಮತ್ತು ಹೆಗೆಲರೊಡನೆ ಸೆಣಸಾಡಿದೆವು. ಬೊಲ್ಜಾನೊ ಎಂಬ ಹೆಸರು ಮಾತ್ರ ಪುಟದ ಅಡಿಯ ಸಣ್ಣ ಅಕ್ಷರಗಳಲ್ಲಿ ಒಮ್ಮೆ ಕಾಣಿಸಿ ಮರೆಯಾಯಿತು. ಅನೇಕ ವರ್ಷಗಳ ಬಳಿಕ ಅವರ ಜೀವನಚರಿತ್ರೆಯನ್ನು ಓದಿದಾಗ, ಇಂಥವರೊಬ್ಬರು ಯಾಜಕವರ್ಗದಲ್ಲಿ ಇದ್ದರೆಂಬ ಹೆಮ್ಮೆಯೂ, ಅವರು ಪಟ್ಟ ಪಾಡನ್ನು ಕಂಡು ವ್ಯಥೆಯೂ ನಮಗೆ ಒಟ್ಟಿಗೆ ಉಂಟಾದವು. ಆ ಜೀವನವನ್ನು ಈ ವಾರ ಓದುಗರ ಮುಂದಿಡುತ್ತಿದ್ದೇವೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಬರ್ನಾರ್ಡ್ ಬೊಲ್ಜಾನೊ ಅವರು 1781ರ ಅಕ್ಟೋಬರ್ 5ರಂದು ಪ್ರಾಗ್ ನಗರದಲ್ಲಿ ಜನಿಸಿದರು. ಇಂದು ಝೆಕ್ ಗಣರಾಜ್ಯದ ರಾಜಧಾನಿಯಾಗಿರುವ ಆ ನಗರವು ಅಂದು ಬೊಹೀಮಿಯ ಪ್ರಾಂತದ ಕೇಂದ್ರವಾಗಿದ್ದು, ಹ್ಯಾಬ್ಸ್‌ಬರ್ಗ್ ಅರಸುಮನೆತನದ ಆಳ್ವಿಕೆಗೆ ಒಳಪಟ್ಟಿತ್ತು. ತಂದೆ ಉತ್ತರ ಇಟಲಿಯಿಂದ ಬಂದು ನೆಲಸಿದ ಕಲಾವಸ್ತುಗಳ ವ್ಯಾಪಾರಿ. ತಾಯಿ ಪ್ರಾಗ್ ನಗರದಲ್ಲೇ ಹುಟ್ಟಿದ, ಜರ್ಮನ್ ಭಾಷೆಯ ದೈವಭಕ್ತೆ. ಈ ದಂಪತಿಗಳಿಗೆ ಜನಿಸಿದ ಹನ್ನೆರಡು ಮಕ್ಕಳಲ್ಲಿ ಪ್ರಾಯಕ್ಕೆ ಬಂದವರು ಇಬ್ಬರು ಮಾತ್ರ. ಬದುಕಿ ಉಳಿದ ಬರ್ನಾರ್ಡರನ್ನೂ ಶ್ವಾಸಕೋಶದ ವ್ಯಾಧಿ ಆಯುಷ್ಯವಿಡೀ ಕಾಡುತ್ತಲೇ ಇತ್ತು. ಮರಣದ ನೆರಳು ಮನೆಯಂಗಳದಲ್ಲೇ ಸುಳಿದಾಡುತ್ತಿದ್ದ ಬಾಲ್ಯವದು.

ಪಿಯಾರಿಸ್ಟ್ ಸಭೆಯ ಗುರುಗಳ ಶಾಲೆಯಲ್ಲಿ ಓದು ಮುಗಿಸಿ, 1796ರಲ್ಲಿ ಅವರು ಪ್ರಾಗ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಅಲ್ಲಿ ತತ್ತ್ವಶಾಸ್ತ್ರ, ಗಣಿತ ಮತ್ತು ಭೌತಶಾಸ್ತ್ರಗಳನ್ನು ಅಭ್ಯಸಿಸಿದರು. ಜರ್ಮನ್ ಗಣಿತಜ್ಞ ಕೆಸ್ಟ್‌ನರ್ ಬರೆದ ಪಠ್ಯಗ್ರಂಥವೊಂದು ಅವರ ಮನಸ್ಸನ್ನು ಸೆಳೆಯಿತು. ಎಲ್ಲರೂ ಕಣ್ಣಿಗೆ ಕಾಣುವ ಮಾತೆಂದು ಒಪ್ಪಿ ಮುಂದೆ ಸಾಗುವ ಸಂಗತಿಗಳಿಗೂ ಆ ಲೇಖಕರು ಸಾಧನೆಯನ್ನು ಒದಗಿಸಲು ಯತ್ನಿಸಿದ್ದರು. ಒಂದು ಮಾತು ನಿಜವೆಂದು ಅರಿತರೆ ಸಾಲದು, ಅದು ಏಕೆ ನಿಜವೆಂಬುದನ್ನೂ ಅರಿಯಬೇಕು ಎಂಬ ಹಂಬಲ ಯುವಕ ಬೊಲ್ಜಾನೊ ಅವರಲ್ಲಿ ಅಂದು ಮೂಡಿ, ಕೊನೆಯವರೆಗೂ ಉಳಿಯಿತು.

1800ರಲ್ಲಿ ಅವರು ದೈವಶಾಸ್ತ್ರದ ಅಧ್ಯಯನಕ್ಕೆ ತೊಡಗಿದರು. ದಾರಿ ಸುಗಮವಾಗಿರಲಿಲ್ಲ. ಪ್ರತಿಯೊಂದಕ್ಕೂ ಕಾರಣ ಕೇಳುವ ಬುದ್ಧಿಗೆ ವಿಶ್ವಾಸದ ರಹಸ್ಯಗಳು ಸವಾಲಾಗಿದ್ದವು. ಗುರುವಾಗಲು ತಾವು ಅರ್ಹರೇ ಎಂಬ ಶಂಕೆ ಅವರನ್ನು ಕಾಡಿತು. ಒಂದು ಬೋಧನೆಯನ್ನು ನಂಬುವುದರಿಂದ ಮನುಷ್ಯರು ಸದಾಚಾರದಲ್ಲಿ ಮುನ್ನಡೆಯುವರೆಂದಾದರೆ ಆ ನಂಬಿಕೆಗೆ ಸಮರ್ಥನೆಯಿದೆ ಎಂಬ ವಿಚಾರ ಅವರಿಗೆ ಕ್ರಮೇಣ ಸಮಾಧಾನವನ್ನು ನೀಡಿತು. ಮುಂದೆ ಅವರ ಧಾರ್ಮಿಕ ಚಿಂತನೆಯೆಲ್ಲವೂ ಈ ತಳಹದಿಯ ಮೇಲೆ ನಿಂತಿತು. ಅವರ ಸಂಕಷ್ಟಗಳ ಬೀಜವೂ ಇಲ್ಲಿಯೇ ಅಡಗಿತ್ತು. 1804ರಲ್ಲಿ ರೇಖಾಗಣಿತದ ಮೂಲತತ್ತ್ವಗಳ ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದ ಅವರು, 1805ರಲ್ಲಿ ಗುರುದೀಕ್ಷೆಯನ್ನು ಪಡೆದರು.

ಪೀಠದ ಮೇಲೆ

ಫ್ರೆಂಚ್ ಮಹಾಕ್ರಾಂತಿಯ ವಿಚಾರಗಳು ತಮ್ಮ ರಾಜ್ಯದ ಯುವಜನರಲ್ಲಿ ಹಬ್ಬದಿರಲೆಂದು ಚಕ್ರವರ್ತಿ ಫ್ರಾನ್ಸಿಸರು ವಿಶ್ವವಿದ್ಯಾನಿಲಯಗಳಲ್ಲಿ ಧರ್ಮಬೋಧೆಗೆಂದೇ ಹೊಸ ಪೀಠಗಳನ್ನು ಸ್ಥಾಪಿಸಿದ್ದರು. ಅದೇ ಸಮಯದಲ್ಲಿ ಪ್ರಾಗ್ ನಗರದಲ್ಲಿ ಗಣಿತದ ಪೀಠವೂ ತೆರವಾಗಿತ್ತು. ಬೊಲ್ಜಾನೊ ಎರಡಕ್ಕೂ ಅರ್ಜಿ ಸಲ್ಲಿಸಿದರು. ಧರ್ಮಬೋಧೆಯ ಪೀಠ ಅವರಿಗೆ ದೊರೆಯಿತು. ಇಪ್ಪತ್ತನಾಲ್ಕರ ಹರೆಯ ಇನ್ನೂ ತುಂಬಿರಲಿಲ್ಲ.

ಸರಕಾರ ಬಯಸಿದ್ದು ವಿಧೇಯ ಪ್ರಜೆಗಳನ್ನು ತಯಾರಿಸುವ ಬೋಧಕನನ್ನು. ಅದಕ್ಕೆ ದೊರೆತವರು ಕೇಳುಗರನ್ನು ಆಲೋಚನೆಗೆ ಹಚ್ಚುವ ಗುರು. ಪ್ರತಿ ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ವಿದ್ಯಾರ್ಥಿಗಳಿಗೆ ಪ್ರಬೋಧನೆ ನೀಡುವುದು ಆ ಪೀಠದ ಕರ್ತವ್ಯಗಳಲ್ಲೊಂದಾಗಿತ್ತು. ಬೊಲ್ಜಾನೊ ಅವರ ಪ್ರಬೋಧನೆಗಳಿಗೆ ನೂರಾರು ಮಂದಿ ನೆರೆಯತೊಡಗಿದರು. ಅವರ ನೀತಿಬೋಧೆಯ ತಿರುಳು ಸರಳವಾಗಿತ್ತು: ನಮಗೆ ಸಾಧ್ಯವಿರುವ ಕೃತ್ಯಗಳಲ್ಲಿ ಯಾವುದು ಸಮಸ್ತರ ಹಿತವನ್ನು ಅತ್ಯಧಿಕವಾಗಿ ಸಾಧಿಸುವುದೋ ಅದನ್ನೇ ಆರಿಸಬೇಕು. ಈ ಅಳತೆಗೋಲನ್ನು ಅವರು ವ್ಯಕ್ತಿಗಳಿಗೆ ಮಾತ್ರವಲ್ಲದೆ ರಾಜ್ಯವ್ಯವಸ್ಥೆಗೂ ಅನ್ವಯಿಸಿದರು. ಹುಟ್ಟಿನ ಆಧಾರದ ಮೇಲು-ಕೀಳುಗಳು ಅಳಿಯುವ ಕಾಲ ಬರುವುದೆಂದೂ, ದ್ವಂದ್ವಯುದ್ಧದ ಪದ್ಧತಿಯನ್ನು ವಿವೇಕಿಗಳು ತಿರಸ್ಕರಿಸುವಂತೆ ರಾಷ್ಟ್ರಗಳ ನಡುವಣ ಯುದ್ಧವನ್ನೂ ತಿರಸ್ಕರಿಸುವ ದಿನ ಬರುವುದೆಂದೂ ಅವರು ಬೋಧಿಸಿದರು. ನೆಪೋಲಿಯನ್ ಯುದ್ಧಗಳಿಂದ ಯುರೋಪು ತತ್ತರಿಸಿದ ಕಾಲವದು ಎಂಬುದನ್ನು ನಾವು ನೆನಪಿಡಬೇಕು.

1816ರಲ್ಲಿ ಅವರು ಬೊಹೀಮಿಯದ ಎರಡು ಜನಾಂಗಗಳ ಕುರಿತು ಮಾತನಾಡಿದರು. ಒಂದೇ ನೆಲದಲ್ಲಿ ಬಾಳುವ ಝೆಕ್ ಮತ್ತು ಜರ್ಮನ್ ಭಾಷಿಕರು ಪರಸ್ಪರ ಅಸಡ್ಡೆಯಿಂದ ಕಾಣುವುದು ಕ್ರೈಸ್ತ ನಡತೆಗೆ ಒಪ್ಪುವಂಥದಲ್ಲವೆಂದೂ, ಭಾಷೆಯ ಭೇದವು ಸೋದರಭಾವಕ್ಕೆ ಅಡ್ಡಿಯಾಗಬಾರದೆಂದೂ ತಿಳಿಹೇಳಿದರು. ಮುಂದಿನ ನೂರೈವತ್ತು ವರ್ಷಗಳಲ್ಲಿ ಆ ನಾಡು ಭಾಷೆ-ಜನಾಂಗಗಳ ಹೆಸರಿನಲ್ಲಿ ಅನುಭವಿಸಿದ ದುರಂತಗಳನ್ನು ಬಲ್ಲವರಿಗೆ ಆ ಎಚ್ಚರಿಕೆಯ ಬೆಲೆ ತಿಳಿಯುತ್ತದೆ.

ಬೋಧನೆಯ ಹೊರೆಯ ನಡುವೆಯೂ ಗಣಿತದ ಸಂಶೋಧನೆ ನಿಲ್ಲಲಿಲ್ಲ. 1817ರಲ್ಲಿ ಪ್ರಕಟವಾದ ಅವರ ಕಿರುಪುಸ್ತಕವೊಂದು ಇಂದು ಗಣಿತದ ಇತಿಹಾಸದಲ್ಲಿ ಮೈಲಿಗಲ್ಲೆನಿಸಿದೆ. ಅದರ ವಿಷಯವನ್ನು ಹೀಗೆ ವಿವರಿಸಬಹುದು. ಬೆಳಿಗ್ಗೆ ಉಷ್ಣತೆ 22 ಡಿಗ್ರಿ ಇದ್ದು, ಮಧ್ಯಾಹ್ನಕ್ಕೆ 32 ಡಿಗ್ರಿ ಆಯಿತೆನ್ನೋಣ. ನಡುವೆ ಯಾವುದೋ ಒಂದು ಕ್ಷಣದಲ್ಲಿ ಅದು ಸರಿಯಾಗಿ 27 ಡಿಗ್ರಿ ಆಗಿಯೇ ಇರಬೇಕು. ಎಡೆಬಿಡದೆ ಬದಲಾಗುವ ಯಾವ ಪರಿಮಾಣವೂ ನಡುವಣ ಬೆಲೆಗಳನ್ನು ಹಾರಿ ಹೋಗಲಾರದು. ಗೆರೆಯೆಳೆದು ನೋಡಿದರೆ ತಾನಾಗಿ ಕಾಣುವ ಈ ಸಂಗತಿಗೆ ಸಾಧನೆ ಬೇಕೆಂದು ಹಿಂದಿನವರು ಹೆಚ್ಚಾಗಿ ಭಾವಿಸಿರಲಿಲ್ಲ. ಕಣ್ಣಿಗೆ ಕಂಡದ್ದು ಸಾಧನೆಯಾಗದು ಎಂದು ಬೊಲ್ಜಾನೊ ಪಟ್ಟುಹಿಡಿದರು. ಚಿತ್ರದ ನೆರವಿಲ್ಲದೆ, ಸಂಖ್ಯೆಗಳ ಗುಣಗಳನ್ನೇ ಆಧರಿಸಿ ಅದನ್ನು ಸಾಧಿಸಲು ತೊಡಗಿದರು. ಅದಕ್ಕಾಗಿ ಅವಿಚ್ಛಿನ್ನತೆ ಎಂದರೇನೆಂಬುದನ್ನು ಸ್ಪಷ್ಟವಾಗಿ ನಿರೂಪಿಸಿದರು. ಫ್ರಾನ್ಸಿನ ಪ್ರಸಿದ್ಧ ಗಣಿತಜ್ಞ ಕೋಶಿ ಇಂಥವೇ ವಿಚಾರಗಳನ್ನು ತಮ್ಮ ಗ್ರಂಥದಲ್ಲಿ ಪ್ರಕಟಿಸಿದ್ದು 1821ರಲ್ಲಿ, ಎಂದರೆ ನಾಲ್ಕು ವರ್ಷಗಳ ನಂತರ.

ಪದಚ್ಯುತಿ

1818ರಲ್ಲಿ ಬೊಲ್ಜಾನೊ ತತ್ತ್ವಶಾಸ್ತ್ರ ವಿಭಾಗದ ಡೀನ್ ಆದರು. ಆದರೆ ವಿಯೆನ್ನಾದಲ್ಲಿ ಅವರ ವಿರುದ್ಧ ದೂರುಗಳು ಬೆಳೆಯುತ್ತಲೇ ಇದ್ದವು. ಅರಮನೆಯ ಗುರುಗಳಾಗಿದ್ದ ಯಾಕೋಬ್ ಫ್ರಿಂಟ್ ಅವರು ಬರೆದ ಪಠ್ಯಗ್ರಂಥವನ್ನು ಅನುಸರಿಸಲು ಬೊಲ್ಜಾನೊ ಒಲವು ತೋರದೆ ತಮ್ಮದೇ ಟಿಪ್ಪಣಿಗಳಿಂದ ಪಾಠ ಮಾಡುತ್ತಿದ್ದುದು ಮೊದಲಿನಿಂದಲೂ ಅಸಮಾಧಾನಕ್ಕೆ ಕಾರಣವಾಗಿತ್ತು. ಅದಕ್ಕೆ ಯುದ್ಧ ಮತ್ತು ಸಮಾನತೆಗಳ ಕುರಿತ ಪ್ರಬೋಧನೆಗಳೂ ಸೇರಿದವು. 1819ರ ಡಿಸೆಂಬರ್ 24ರಂದು, ಕ್ರಿಸ್ತಜಯಂತಿಯ ಮುನ್ನಾದಿನ, ಅವರನ್ನು ಪೀಠದಿಂದ ವಜಾಗೊಳಿಸುವ ಚಕ್ರವರ್ತಿಯ ಆಜ್ಞೆ ಹೊರಟಿತು. ಅವರು ಇನ್ನು ಮುಂದೆ ಪಾಠ ಹೇಳುವಂತಿರಲಿಲ್ಲ, ಬಹಿರಂಗವಾಗಿ ಪ್ರಬೋಧನೆ ನೀಡುವಂತಿರಲಿಲ್ಲ, ಗ್ರಂಥಗಳನ್ನು ಸ್ವತಂತ್ರವಾಗಿ ಪ್ರಕಟಿಸುವಂತಿರಲಿಲ್ಲ. ಪೊಲೀಸರ ಕಣ್ಗಾವಲು ಬೇರೆ. ಅವರ ಪ್ರೀತಿಯ ಶಿಷ್ಯ, ಲೈಟ್‌ಮೆರಿಟ್ಸ್ ಗುರುಮಠದ ಪ್ರಾಧ್ಯಾಪಕ ಫೆಸ್ಲ್ ಅವರು ಬಂಧನಕ್ಕೊಳಗಾದರು.

ಇದರ ಬೆನ್ನಿಗೇ ಧರ್ಮಸಭೆಯ ವಿಚಾರಣೆಯೂ ಪ್ರಾರಂಭವಾಗಿ, 1825ರವರೆಗೆ ನಡೆಯಿತು. ಅವರು ಬೋಧಿಸಿದ್ದು ತಪ್ಪೆಂದು ಒಪ್ಪಿಕೊಂಡು ಬರೆದುಕೊಡಬೇಕೆಂಬ ಒತ್ತಾಯ ಬಂತು. ಬೊಲ್ಜಾನೊ ಒಪ್ಪಲಿಲ್ಲ. ತಾವು ಕಥೋಲಿಕ ವಿಶ್ವಾಸಕ್ಕೆ ವಿರುದ್ಧವಾಗಿ ಬೋಧಿಸಿಲ್ಲವೆಂಬುದೇ ಅವರ ದೃಢವಾದ ನಿಲುವಾಗಿತ್ತು. ಮನಸ್ಸು ಒಪ್ಪದ ಮಾತಿಗೆ ಸಹಿ ಹಾಕುವುದು ಅವರ ಪಾಲಿಗೆ ಸುಳ್ಳು ಹೇಳಿದಂತೆಯೇ ಆಗುತ್ತಿತ್ತು. ಸಿಟ್ಟಿನಿಂದ ಧರ್ಮಸಭೆಯನ್ನು ತೊರೆಯುವ ದಾರಿ ಅವರ ಮುಂದಿತ್ತು. ಅದನ್ನೂ ಅವರು ತುಳಿಯಲಿಲ್ಲ. ಪ್ರಾಗ್ ನಗರದ ಆರ್ಚ್‌ಬಿಷಪರು ಅವರ ಬಗ್ಗೆ ಸಹಾನುಭೂತಿಯುಳ್ಳವರಾಗಿದ್ದುದು ವಿಚಾರಣೆಯ ವರ್ಷಗಳಲ್ಲಿ ಅವರಿಗೆ ರಕ್ಷೆಯಾಯಿತು. ಸಣ್ಣದೊಂದು ವಿಶ್ರಾಂತಿ ವೇತನದಲ್ಲಿ, ಯಾಜಕರಾಗಿಯೇ ಅವರು ಬಾಳಿದರು.

ಹಳ್ಳಿಯ ಮನೆಯಲ್ಲಿ ಮಹಾಗ್ರಂಥ

ಹೀಗೆ ಬಾಯಿ ಮುಚ್ಚಿಸಲ್ಪಟ್ಟ ಯಾಜಕರಿಗೆ ಆಶ್ರಯ ನೀಡಿದವರು ಹಾಫ್‌ಮನ್ ದಂಪತಿಗಳು. ದಕ್ಷಿಣ ಬೊಹೀಮಿಯದ ಟೆಕೊಬುಜ್ ಎಂಬ ಹಳ್ಳಿಯಲ್ಲಿದ್ದ ಅವರ ಮನೆಯಲ್ಲಿ ಬೊಲ್ಜಾನೊ 1823ರಿಂದ ಬೇಸಗೆಯ ತಿಂಗಳುಗಳನ್ನು ಕಳೆಯತೊಡಗಿ, 1830ರಿಂದ ಹತ್ತು ವರ್ಷಗಳಿಗೂ ಮಿಕ್ಕಿ ಅಲ್ಲಿಯೇ ನೆಲಸಿದರು. ಅನ್ನಾ ಹಾಫ್‌ಮನ್ ಅವರ ಶುಶ್ರೂಷೆಯಿಂದ ಅವರ ಆರೋಗ್ಯ ತುಸು ಸುಧಾರಿಸಿತು. ಆತ್ಮದ ಅಮರತ್ವವನ್ನು ಕುರಿತ ಅಥನಾಸಿಯ ಎಂಬ ಅವರ ಕೃತಿ 1827ರಲ್ಲಿ ಲೇಖಕರ ಹೆಸರಿಲ್ಲದೆ ಪ್ರಕಟವಾಯಿತು. 1834ರಲ್ಲಿ ಅವರ ಪ್ರಾಗ್ ಉಪನ್ಯಾಸಗಳನ್ನು ಶಿಷ್ಯರು ಧರ್ಮವಿಜ್ಞಾನದ ಪಠ್ಯಪುಸ್ತಕವಾಗಿ ಹೊರತಂದರು. 1837ರಲ್ಲಿ, ಆಸ್ಟ್ರಿಯದ ಸೆನ್ಸಾರ್ ಅಧಿಕಾರಿಗಳ ಕೈಗೆ ಎಟುಕದ ಬವೇರಿಯದ ಸುಲ್ಜ್‌ಬಾಕ್ ಪಟ್ಟಣದಿಂದ, ಸ್ನೇಹಿತರ ಸಹಾಯದಿಂದ ಹೊರಬಂದದ್ದು ಅವರ ಮೇರುಕೃತಿ, ವಿಜ್ಞಾನಗಳ ಸಿದ್ಧಾಂತ ಎಂಬರ್ಥದ ಹೆಸರುಳ್ಳ ತರ್ಕಶಾಸ್ತ್ರ ಗ್ರಂಥ. ನಾಲ್ಕು ಸಂಪುಟಗಳು, 718 ವಿಭಾಗಗಳು, ಎರಡು ಸಾವಿರಕ್ಕೂ ಮಿಕ್ಕಿದ ಪುಟಗಳು.

ಈ ಗ್ರಂಥದ ಹೃದಯಸ್ಥಾನದಲ್ಲಿರುವ ವಿಚಾರವನ್ನು ನಾವು ಸ್ವಲ್ಪ ನಿಧಾನವಾಗಿ ಪರಿಶೀಲಿಸೋಣ. ಕಳೆದ ವಸಂತದಲ್ಲಿ ಒಂದು ಮರ ಹೂಬಿಟ್ಟಿತ್ತು. ಅದರಲ್ಲಿ ಎಷ್ಟು ಹೂಗಳಿದ್ದವೆಂದು ಯಾರೂ ಎಣಿಸಲಿಲ್ಲ. ಇನ್ನು ಎಣಿಸುವಂತೆಯೂ ಇಲ್ಲ. ಆದರೂ ಅಲ್ಲಿ ನಿರ್ದಿಷ್ಟ ಸಂಖ್ಯೆಯ ಹೂಗಳು ಇದ್ದುದು ಖಂಡಿತ. ಆ ಸಂಖ್ಯೆಯನ್ನು ಹೇಳುವ ವಾಕ್ಯವನ್ನು ಯಾವ ಮನುಷ್ಯನೂ ನುಡಿಯದಿದ್ದರೂ, ಯೋಚಿಸದಿದ್ದರೂ, ಅದು ಸತ್ಯವೇ. ಸರ್ವಜ್ಞನಾದ ದೇವರು ಅದನ್ನು ಬಲ್ಲನು. ಆದರೆ ದೇವರು ಬಲ್ಲನೆಂಬ ಕಾರಣಕ್ಕೆ ಅದು ಸತ್ಯವಾದುದಲ್ಲ. ಅದು ಸತ್ಯವಾಗಿರುವುದರಿಂದ ದೇವರು ಅದನ್ನು ಬಲ್ಲನು. ಇಂಥ ಸತ್ಯಗಳನ್ನು ಬೊಲ್ಜಾನೊ ಸ್ವಯಂ ಇರುವ ಸತ್ಯಗಳೆಂದು ಕರೆದರು. ನಮ್ಮ ಮನಸ್ಸಿನ ವ್ಯಾಪಾರ ಬೇರೆ, ಆ ಮನಸ್ಸು ಗ್ರಹಿಸುವ ಸತ್ಯ ಬೇರೆ ಎಂಬ ಈ ವಿವೇಚನೆ ತರ್ಕಶಾಸ್ತ್ರವನ್ನು ಮನಶ್ಶಾಸ್ತ್ರದ ಹಂಗಿನಿಂದ ಬಿಡಿಸಿತು.

ಸತ್ಯವೆಂಬುದೇ ಇಲ್ಲವೆನ್ನುವ ಸಂದೇಹವಾದಿಗೂ ಅವರು ಉತ್ತರ ನೀಡಿದರು. ಯಾವ ಸತ್ಯವೂ ಇಲ್ಲವೆಂದು ಇಟ್ಟುಕೊಳ್ಳೋಣ. ಆಗ ಯಾವ ಸತ್ಯವೂ ಇಲ್ಲವೆಂಬ ಆ ವಾಕ್ಯವೇ ಒಂದು ಸತ್ಯವಾಗಿಬಿಡುತ್ತದೆ. ಆದುದರಿಂದ ಒಂದು ಸತ್ಯವಾದರೂ ಇದ್ದೇ ಇದೆ. ಅದು ಸತ್ಯವಾದರೆ, ಅದು ಸತ್ಯವೆಂಬುದು ಮತ್ತೊಂದು ಸತ್ಯ. ಹೀಗೆಯೇ ಮುಂದುವರಿದರೆ ಸತ್ಯಗಳಿಗೆ ಕೊನೆಯೇ ಇಲ್ಲ. ಒಂದು ವಾಕ್ಯದಿಂದ ಇನ್ನೊಂದು ನಿಷ್ಪನ್ನವಾಗುವುದೆಂದರೆ ಏನೆಂಬುದನ್ನೂ ಅವರು ನಿಖರವಾಗಿ ವಿವರಿಸಿದರು. ವಾಕ್ಯಗಳೊಳಗಿನ ಕೆಲವು ಅಂಶಗಳನ್ನು ಎಷ್ಟೇ ಬದಲಿಸಿದರೂ, ಆಧಾರವಾಕ್ಯಗಳು ಸತ್ಯವಾದಾಗಲೆಲ್ಲ ತೀರ್ಮಾನವೂ ಸತ್ಯವಾಗಿಯೇ ಉಳಿಯಬೇಕು. ಪೋಲೆಂಡಿನ ತರ್ಕಶಾಸ್ತ್ರಜ್ಞ ಟಾರ್ಸ್ಕಿ 1936ರಲ್ಲಿ ಮಂಡಿಸಿದ ಸುಪ್ರಸಿದ್ಧ ನಿರೂಪಣೆಯು ಇದಕ್ಕೆ ಬಹಳ ಸಮೀಪವಾಗಿದೆ.

ಅನಂತದ ಕಡೆಗೆ

1834ರಲ್ಲಿ ಕೋಶಿಯವರು ಪ್ರಾಗ್ ನಗರದಲ್ಲಿದ್ದರು. ಅವರೂ ನಿಷ್ಠಾವಂತ ಕಥೋಲಿಕರು; ಪದಚ್ಯುತನಾದ ತಮ್ಮ ಅರಸನ ಪರಿವಾರದೊಡನೆ ದೇಶಾಂತರ ವಾಸದಲ್ಲಿದ್ದವರು. ಬೊಲ್ಜಾನೊ ಅವರನ್ನು ಭೇಟಿಯಾದರು. ಇಬ್ಬರು ವಿಶ್ವಾಸಿಗಳು, ಇಬ್ಬರು ಗಣಿತದ ಸುಧಾರಕರು, ತಮ್ಮ ತಮ್ಮ ಪೀಠಗಳನ್ನು ಕಳೆದುಕೊಂಡು ಒಂದೇ ಊರಿನಲ್ಲಿ ಸಂಧಿಸಿದ ಆ ಘಟನೆಯನ್ನು ನೆನೆದಾಗ ನಮಗೆ ವಿಸ್ಮಯವೆನಿಸುತ್ತದೆ.

ಇದೇ ಕಾಲದಲ್ಲಿ ಬೊಲ್ಜಾನೊ ಒಂದು ವಿಚಿತ್ರ ವಕ್ರರೇಖೆಯನ್ನು ರಚಿಸಿದರು. ಅದು ಎಲ್ಲಿಯೂ ತುಂಡಾಗುವುದಿಲ್ಲ. ಆದರೆ ಅದರ ಯಾವ ಬಿಂದುವಿನಲ್ಲೂ ಸ್ಪರ್ಶರೇಖೆಯ ಓಟವನ್ನು ನಿರ್ಧರಿಸಲಾಗದು. ವೈಯರ್‌ಸ್ಟ್ರಾಸ್ ಇಂಥ ಉದಾಹರಣೆಯನ್ನು 1872ರಲ್ಲಿ ಮಂಡಿಸಿದಾಗ ಗಣಿತಲೋಕ ಬೆರಗಾಯಿತು. ಸುಮಾರು ನಲವತ್ತು ವರ್ಷಗಳ ಹಿಂದೆಯೇ ಒಬ್ಬ ಯಾಜಕರು ಅದನ್ನು ಬರೆದಿಟ್ಟಿದ್ದರೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

1841ರ ನಂತರ ಅವರು ಪ್ರಾಗ್ ನಗರಕ್ಕೆ ಮರಳಿ ಸೋದರನೊಡನೆ ವಾಸಿಸಿದರು. ಬೊಹೀಮಿಯದ ರಾಜಕೀಯ ವಿಜ್ಞಾನ ಸಂಘವೆಂದು ತಪ್ಪು ತಿಳಿಯಬಾರದು, ಅರಸರ ಪೋಷಣೆಯಲ್ಲಿದ್ದ ಬೊಹೀಮಿಯದ ವಿಜ್ಞಾನಗಳ ಸಂಘದಲ್ಲಿ ಅವರು ಸಕ್ರಿಯರಾಗಿದ್ದರು. 1842ರಲ್ಲಿ ಕ್ರಿಸ್ಟಿಯನ್ ಡಾಪ್ಲರ್ ಅವರು ತಮ್ಮ ತತ್ತ್ವವನ್ನು ಮೊತ್ತಮೊದಲು ಮಂಡಿಸಿದ್ದು ಈ ಸಂಘದ ಸಭೆಯಲ್ಲಿ. ಇಂದು ಆಸ್ಪತ್ರೆಗಳಲ್ಲಿ ರಕ್ತಸಂಚಾರವನ್ನು ಪರೀಕ್ಷಿಸಲು ಬಳಸುವ ಆ ತತ್ತ್ವದ ಮಹತ್ವವನ್ನು ಗುರುತಿಸಿ, ಅದರ ಪರವಾಗಿ ಲೇಖನ ಬರೆದವರಲ್ಲಿ ಬೊಲ್ಜಾನೊ ಮೊದಲಿಗರು.

ಅವರ ಕೊನೆಯ ಕೃತಿ ಅನಂತದ ವಿರೋಧಾಭಾಸಗಳನ್ನು ಕುರಿತದ್ದು. ಸೊನ್ನೆಯಿಂದ 5ರವರೆಗಿನ ಪ್ರತಿಯೊಂದು ಸಂಖ್ಯೆಗೂ ಸೊನ್ನೆಯಿಂದ 12ರವರೆಗಿನ ಒಂದೊಂದು ಸಂಖ್ಯೆಯನ್ನು ಜೊತೆಗೂಡಿಸಬಹುದು. ಎರಡೂ ಕಡೆ ಒಂದೂ ಉಳಿಯದು. ಚಿಕ್ಕದು ದೊಡ್ಡದರ ಭಾಗವಾಗಿದ್ದರೂ ಹೀಗಾಗುವುದು ದೋಷವಲ್ಲ, ಅನಂತದ ಸ್ವಭಾವವೇ ಹಾಗೆ ಎಂದು ಅವರು ಅರಿತರು. ಆದರೂ ಈ ಕಾರಣಕ್ಕೆ ಎರಡನ್ನೂ ಸಮಾನವೆನ್ನಲು ಅವರು ಸಿದ್ಧರಿರಲಿಲ್ಲ. ಆ ಹೆಜ್ಜೆಯನ್ನಿಟ್ಟವರು ಮುಂದೆ ಬಂದ ಜಾರ್ಜ್ ಕ್ಯಾಂಟರ್.

1848ರ ಡಿಸೆಂಬರ್ 18ರಂದು ಬೊಲ್ಜಾನೊ ಅವರು ಪ್ರಾಗ್ ನಗರದಲ್ಲಿ ದೈವಾಧೀನರಾದರು. ಅನಂತದ ಕುರಿತ ಗ್ರಂಥವನ್ನು ಶಿಷ್ಯ ಪ್ರಿಹೊನ್‌ಸ್ಕಿ 1851ರಲ್ಲಿ ಪ್ರಕಟಿಸಿದರು. 1883ರಲ್ಲಿ ಕ್ಯಾಂಟರ್ ಅದನ್ನು ಆದರದಿಂದ ಸ್ಮರಿಸಿದರು. 1900ರಲ್ಲಿ ತತ್ತ್ವಜ್ಞಾನಿ ಹುಸ್ಸರ್ಲ್ ತಮ್ಮ ತರ್ಕಶಾಸ್ತ್ರೀಯ ಗ್ರಂಥದಲ್ಲಿ ಬೊಲ್ಜಾನೊ ಅವರನ್ನು ಸಾರ್ವಕಾಲಿಕ ಮಹಾ ತರ್ಕಶಾಸ್ತ್ರಜ್ಞರ ಸಾಲಿನಲ್ಲಿರಿಸಿದರು. 1998ರಲ್ಲಿ ಸಂತಪದವಿಗೇರಿದ ಎಡಿತ್ ಸ್ಟೈನ್ ಇದೇ ಹುಸ್ಸರ್ಲರ ಶಿಷ್ಯೆಯೂ ಸಹಾಯಕಿಯೂ ಆಗಿದ್ದರೆಂಬುದನ್ನು ನಮ್ಮ ಓದುಗರು ಬಲ್ಲರು. ವಿಯೆನ್ನಾದಲ್ಲಿ ಉಳಿದಿದ್ದ ಹಸ್ತಪ್ರತಿಗಳಲ್ಲಿ ಆ ವಿಚಿತ್ರ ವಕ್ರರೇಖೆ ಬೆಳಕಿಗೆ ಬಂದದ್ದು ಮೊದಲನೆಯ ಮಹಾಯುದ್ಧ ಮುಗಿದ ಬಳಿಕ. ಆದರ್ಶ ರಾಜ್ಯವನ್ನು ಕುರಿತ ಅವರ ಕೃತಿ ಅಚ್ಚಾದದ್ದು 1932ರಲ್ಲಿ. ಅವರ ಸಮಗ್ರ ಕೃತಿಗಳ ಪ್ರಕಟಣೆ 1969ರಲ್ಲಿ ಪ್ರಾರಂಭವಾಯಿತು.

ನಮಗೆ ಉಳಿದದ್ದು

ಬೊಲ್ಜಾನೊ ಅವರ ದೈವಶಾಸ್ತ್ರೀಯ ಅಭಿಪ್ರಾಯಗಳೆಲ್ಲವನ್ನೂ ನಾವು ಸಮರ್ಥಿಸುತ್ತಿಲ್ಲ. ಒಂದು ಬೋಧನೆಯಿಂದ ಒದಗುವ ನೈತಿಕ ಪ್ರಯೋಜನಕ್ಕೆ ಅವರು ನೀಡಿದ ಪ್ರಾಧಾನ್ಯದಲ್ಲಿ, ವಿಶ್ವಾಸವು ಮೊದಲಾಗಿ ದೇವರ ವರವೆಂಬ ಅಂಶ ಮಸುಕಾಗುವ ಅಪಾಯವಿದೆ. ಒಳಿತಿನ ಮೊತ್ತವನ್ನು ಲೆಕ್ಕಹಾಕಿ ಕರ್ತವ್ಯವನ್ನು ನಿರ್ಣಯಿಸುವ ಅವರ ನೀತಿಸೂತ್ರವೂ ಪ್ರಶ್ನಾತೀತವಲ್ಲ. ಅವರನ್ನು ಪ್ರಶ್ನಿಸಿದವರೆಲ್ಲರೂ ದುರುದ್ದೇಶದಿಂದಲೇ ಪ್ರಶ್ನಿಸಿದರೆಂದು ಹೇಳಲಾಗದು. ಆದರೆ ಪ್ರಶ್ನೆಗೆ ವಾದದಿಂದ ಉತ್ತರ ಕೊಡುವುದು ಒಂದು ಮಾತು. ಆಜ್ಞೆಯಿಂದ ಬಾಯಿ ಮುಚ್ಚಿಸುವುದು ಇನ್ನೊಂದು ಮಾತು. ಕ್ರಿಸ್ತಜಯಂತಿಯ ಮುನ್ನಾದಿನದ ಆ ಆಜ್ಞೆಯು ಒಬ್ಬ ಗುರುವನ್ನು ಅವರ ವಿದ್ಯಾರ್ಥಿಗಳಿಂದ ಕಿತ್ತುಕೊಂಡಿತು. ಅವರ ಗಣಿತ ಮತ್ತು ತರ್ಕಗಳ ಫಲವೂ ಲೋಕಕ್ಕೆ ಬಹಳ ತಡವಾಗಿ ತಲುಪಿತು.

ಪ್ರಶ್ನೆ ಕೇಳುವ ಯುವಜನರು ಇಂದು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಅವರನ್ನು ಅವಿಧೇಯರೆಂದು ದೂರ ಸರಿಸುವುದು ಸುಲಭ. ತಾಳ್ಮೆಯಿಂದ ಆಲಿಸಿ, ಕಾರಣಸಹಿತ ಉತ್ತರ ನೀಡುವುದು ಕಷ್ಟ. ಇದನ್ನು ನಾವು ಗುರುಗಳು ಮೊದಲು ನಮಗೇ ಹೇಳಿಕೊಳ್ಳಬೇಕಾಗಿದೆ. ನೋವುಂಡು ದೂರ ಸರಿದು ನಿಂತವರಿಗೂ ಬೊಲ್ಜಾನೊ ಅವರ ಜೀವನದಲ್ಲಿ ಒಂದು ಪಾಠವಿದೆ. ಅವರು ತಮ್ಮ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ, ತಮ್ಮ ಮನೆಯನ್ನೂ ತೊರೆಯಲಿಲ್ಲ. ಯಾರೂ ಎಣಿಸದ ಹೂಗಳಿಗೂ ಒಂದು ಸಂಖ್ಯೆ ಇದ್ದೇ ಇದೆಯೆಂದು ನಂಬಿದ್ದ ಅವರು, ಲೋಕದ ಮನ್ನಣೆಗಾಗಿ ಕಾಯದೆ ಹಳ್ಳಿಯ ಆ ಮನೆಯಲ್ಲಿ ಕುಳಿತು ದಿನದಿನವೂ ಬರೆಯುತ್ತ ಹೋದರು. ಸತ್ಯಸ್ವರೂಪನಾದ ದೇವರು ಆ ದುಡಿಮೆಯನ್ನು ಬಲ್ಲನೆಂಬ ಭರವಸೆ ಅವರಿಗೆ ಸಾಕಾಗಿತ್ತು. ನಮಗೂ ಅದು ಸಾಕಾಗಲಿ.